ಸೇತುವೆ ಹಾರಿದ ಹಳದಿ ಬಸ್ಸು

ನಲವತ್ತಮೂರು ಮಕ್ಕಳನ್ನು ತುಂಬಿಕೊಂಡ ಹಳದಿ ಸ್ಕೂಲ್ ಬಸ್ಸನ್ನು, ಹಡಗಿಗೆ ದಾರಿ ಬಿಡಲು ಮೇಲೆದ್ದು ನಿಂತ ಸೇಂಟ್ ಕ್ಲಾಡ್ ಸೇತುವೆಯ ಮೇಲಿಂದ ಹಾರಿಸಿ ಆಚೆ ದಡಕ್ಕಿಳಿಸಿದವನು ನಾನು. ಕೆಳಗೆ ಕಾಲುವೆಯಲ್ಲಿ ಹೋಗುತ್ತಿದ್ದ ಹಡಗಿನ ಕ್ಯಾಪ್ಟನ್ ಟೋಪಿ ತೆಗೆದು ಸಲಾಂ ಹೊಡೆದ. ಬಸ್ಸು ಗಾಳಿಯಲ್ಲಿದ್ದಾಗಲೇ ಹಿಂದಿನ ತುರ್ತು ಬಾಗಿಲು ತೆರೆದುಕೊಂಡು ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೊರಗೆ ಬಿದ್ದಳು. ನಾನು ಎಡಗೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ಬಲಗೈ ಚಾಚಿ ಅವಳ ಚೀಲದ ಪಟ್ಟಿ ಹಿಡಿದು ಒಳಗೆಳೆದುಕೊಂಡೆ. ಬಸ್ಸಿನ ಉದ್ದ ನಲವತ್ತು ಅಡಿ. ನನ್ನ ಕೈ ಎಷ್ಟುದ್ದ ಎಂದು ಕೇಳಬೇಡಿ. ಆವತ್ತು ಅಷ್ಟುದ್ದ ಇತ್ತು.

ಈ ಕಥೆಯನ್ನು ನಮ್ಮ ಲೋಯರ್ ನೈನ್ತ್ ವಾರ್ಡಿನಲ್ಲಿ ಕೇಳದ ಕಿವಿಯಿಲ್ಲ. ಬಸ್ಸಿನಲ್ಲಿದ್ದ ನಲವತ್ತೆರಡು ಮಕ್ಕಳೂ ಹೌದು ಹೌದು ಎಂದು ಪ್ರಮಾಣ ಮಾಡುತ್ತವೆ. ಸೇತುವೆ ಹಾರಿದ ಬಸ್ಸಿನಲ್ಲಿ ಕೂತಿದ್ದ ಭಾಗ್ಯ ಯಾವ ಮಗುವಿಗೆ ಬೇಡ? ಹೊರಗೆ ಬಿದ್ದ ನಲವತ್ತಮೂರನೆಯವಳು ಮಾತ್ರ ಏನೂ ಹೇಳಲಿಲ್ಲ. ಅವಳು ಹೆಚ್ಚು ಮಾತಾಡುವವಳೇ ಅಲ್ಲ.

ಅವಳ ಹೆಸರು ಸೆರಾಫಿನ್, ಮನೆಯಲ್ಲಿ ಫೀನ್. ಅವಳ ತಾಯಿ ಒಡಾಲಿಗೆ ನಾನು ಪರೇನ್. ಹಾಗೆಂದರೆ, ಒಡಾಲಿ ಕೈಗೂಸಾಗಿದ್ದಾಗ ಚರ್ಚಿನಲ್ಲಿ ಅವಳನ್ನೆತ್ತಿಕೊಂಡು, ಇವಳ ಭಾರ ನನ್ನದೂ ಹೌದು ಎಂದು ದೇವರೆದುರು ಒಪ್ಪಿಕೊಂಡವನು. ಮಗು ಆ ಹೊತ್ತಿಗೇ ನನ್ನ ಕಥೆ ಕೇಳಿ ನಕ್ಕಿತೆಂದು ನಾನು ಹೇಳುವುದುಂಟು. ಒಡಾಲಿ ಈಗ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಗಂಡನಿಲ್ಲ, ಅಮ್ಮನಿಲ್ಲ. ಪರೇನ್ ಇದ್ದಾನೆ: ಥಿಯೋಫಿಲ್ ಗ್ರಾಂಪ್ರೆ, ಲೂಯಿಸಿಯಾನಾ ರಾಜ್ಯದ ಅತ್ಯುತ್ತಮ ಬಸ್ ಡ್ರೈವರ್. ಇದು ನನ್ನ ಅಭಿಪ್ರಾಯವಲ್ಲ, ಬಸ್ಸಿನ ಅಭಿಪ್ರಾಯ.

ಫೀನ್‌ಗೆ ಇದು ಮೂರನೆಯ ಶಾಲೆ. ಊರೇ ಮುಳುಗಿದ ಆ ದೊಡ್ಡ ಪ್ರವಾಹದ ನಂತರ ನಮ್ಮಲ್ಲಿ ಓಣಿಯ ಶಾಲೆ ಎಂಬುದು ಉಳಿದಿಲ್ಲ. ಹಣ ಸರ್ಕಾರದ್ದು, ಆಡಳಿತ ಒಂದೊಂದು ಮಂಡಳಿಯದು. ಎಲ್ಲವೂ ಚಾರ್ಟರ್ ಶಾಲೆ. ತಾಯಂದಿರು ಕಂಪ್ಯೂಟರಿನಲ್ಲಿ ಎಂಟು ಶಾಲೆಗಳ ಹೆಸರು ಕೊಟ್ಟು, ಲಾಟರಿ ಯಾವುದಕ್ಕೆ ಬಿತ್ತೆಂದು ಉಗುರು ಕಚ್ಚುತ್ತಾ ಕೂರುತ್ತಾರೆ. ಮೊದಲನೆಯ ಶಾಲೆಯವರು ಫೀನ್‌ಳನ್ನು ಕರೆದುಕೊಂಡು ಹೋಗಿ ಎಂದು ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡುತ್ತಿದ್ದರು. ಎರಡನೆಯ ಶಾಲೆಯವರು ಅವಳ ಕುರ್ಚಿಯನ್ನು ಬಾಗಿಲ ಹೊರಗೆ, ಕಾರಿಡಾರಿನಲ್ಲಿ ಹಾಕಿದ್ದರು. ಮೂರನೆಯದು ಲ್ಯಾಂಟರ್ನ್ ಹಿಲ್ ಅಕಾಡೆಮಿ. ಹಿಲ್ ಎಂದರೆ ಗುಡ್ಡ ತಾನೆ? ನಮ್ಮೂರಿನಲ್ಲಿ ಅತಿ ಎತ್ತರದ ಗುಡ್ಡ ಎಂದರೆ ರಸ್ತೆಯ ಉಬ್ಬು. ಆದರೂ ಅಲ್ಲಿ ಮಿಸ್ ಥುಯ್ ಎಂಬ ಟೀಚರ್ ಇದ್ದಳು. ವಿಯೆಟ್ನಾಮಿನವರ ಮನೆಯ ಹುಡುಗಿ, ಊರಿನ ಪೂರ್ವದ ಕಡೆಯವಳು. ವಿಶೇಷ ಅಗತ್ಯದ ಮಕ್ಕಳಿಗೆ ಅವಳೇ ಪಾಠ ಹೇಳುತ್ತಿದ್ದಳು. ಜನವರಿಯಲ್ಲಿ ಫೀನ್ ಅವಳ ಕೋಣೆಗೆ ಹೋದಳು. ಮಾರ್ಚಿನಲ್ಲಿ, ಅಮ್ಮ ಕೆಲಸಕ್ಕೆ ಹೊರಟು ನಿಂತಾಗ, ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದಳು: ‘ಹಾಲು ಇಲ್ಲ.’ ಒಡಾಲಿ ಆ ಚೀಟಿಯನ್ನು ಹಿಡಿದುಕೊಂಡು ಬಸ್ಸಿನ ಬಾಗಿಲಿಗೇ ಬಂದು ಅತ್ತಳು. ಹಾಲು ಇಲ್ಲ ಎಂದು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಮೇ ತಿಂಗಳಲ್ಲಿ ನಾನು ಬಸ್ಸನ್ನು ಸೇತುವೆ ಹಾರಿಸಿದೆ. ಹತ್ತು ದಿನಕ್ಕೆ ಶಾಲೆಯಿಂದ ಒಡಾಲಿಗೆ ಕಾಗದ ಬಂತು.

ಸಂಜೆ ಅವಳು ನನ್ನ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಅದನ್ನು ಎರಡು ಸಲ ಓದಿದಳು. ಚಲಿಸುವ ಬಸ್ಸಿನಲ್ಲಿ ತುರ್ತು ಬಾಗಿಲು ತೆರೆದ ಘಟನೆಯ ಹಿನ್ನೆಲೆಯಲ್ಲಿ ಮಗುವಿನ ಸುರಕ್ಷತೆಯ ಬಗ್ಗೆ ಚರ್ಚಿಸಲು ಸಭೆ, ಬರುವ ಗುರುವಾರ. ಜೊತೆಗೆ ಇನ್ನೊಂದು ಹಾಳೆ: ನದಿಯಾಚೆಯ ಒಂದು ಶಾಲೆಗೆ ಮಗುವನ್ನು ಕಳಿಸಲು ತಾಯಿ ತಾನಾಗಿಯೇ ಕೋರುತ್ತಾಳೆ ಎಂದು ಅಚ್ಚಾಗಿತ್ತು. ಸಹಿಯ ಗೆರೆ ಮಾತ್ರ ಖಾಲಿ.

“ಮಗೂನ ಅವರೇ ತೆಗೆದುಹಾಕೋಕೆ ಕಾನೂನು ಬಿಡಲ್ಲ ಪರೇನ್. ಅದಕ್ಕೆ ನಾನೇ ಕೇಳ್ಕೊಂಡೆ ಅಂತ ಬರೆಸ್ಕೋತಾರೆ. ಹೋದ ಎರಡು ಕಡೇನೂ ಹಿಂಗೇ ಮಾಡಿದ್ರು. ದಣಿದಿದ್ದೆ, ಸಹಿ ಹಾಕ್ದೆ.”

“ನಮ್ಮ ಕಾಲದಲ್ಲಿ ಓಣಿ ಶಾಲೆ ಇತ್ತು ನೋಡು,” ಎಂದೆ. “ಬಂದವರನ್ನೆಲ್ಲ ಸೇರಿಸ್ಕೋಬೇಕು. ಒಂದ್ಸಲ ಒಂದು ಮೊಸಳೇನೂ ಸೇರಿಸ್ಕೊಂಡ್ರು, ಮೂರನೇ ಕ್ಲಾಸಿಗೆ.”

“ಫೀನ್ ಥರಾನೇ ಇದ್ದ ನಿಮ್ಮ ತಂಗಿ ಬರ್ನಿಸ್‌ನೂ ಸೇರಿಸ್ಕೊಂಡಿದ್ರಲ್ಲ. ಆರು ವರ್ಷ ಮೆಟ್ಟಿಲ ಕೆಳಗಿನ ಕೋಣೇಲಿ ಕೂರ್ಸಿ ಬಣ್ಣದ ಕಡ್ಡಿ ಕೊಟ್ರು ಅಂತ ನೀವೇ ಹೇಳಿದ್ದು. ಆಗ ಒಳಗೆ ಕರ್ಕೊಂಡು ಮರೀತಿದ್ರು. ಈಗ ಜ್ಞಾಪಕ ಇಟ್ಕೊಂಡು ಹೊರಗೆ ಕಳಿಸ್ತಾರೆ.”

ಮೊಸಳೆಯ ಕಥೆ ಮುಂದೆ ಹೋಗಲಿಲ್ಲ.

“ಈ ಸಲ ಸಹಿ ಹಾಕಲ್ಲ,” ಎಂದಳು. “ಮಗು ಗೊತ್ತಿರೋರನ್ನ ಯಾರನ್ನಾದ್ರೂ ಸಭೆಗೆ ಕರ್ಕೊಂಡು ಬರ್ಬಹುದು, ನನಗೆ ಹಕ್ಕಿದೆ. ನೀವು ಬರ್ತೀರ. ಅವಳನ್ನ ದಿನಾ ಕರ್ಕೊಂಡು ಹೋಗೋರು ನೀವು. ಆವತ್ತಿನ ರಿಪೋರ್ಟ್ ಬರೆದುಕೊಟ್ಟಿರೋರೂ ನೀವು. ಹಡಗು, ಕ್ಯಾಪ್ಟನ್ನು, ಟೋಪಿ ಏನೂ ಬೇಡ ಪರೇನ್. ಸಣ್ಣದಾಗಿ ಹೇಳಿ. ಬಾಗಿಲು ಸಡಿಲ ಇತ್ತು, ಅವಳ ಕೈ ತಾಗ್ತು ಅಂತ ಹೇಳಿ. ನಿಮಗೆ ಸಣ್ಣದಾಗಿ ಹೇಳೋಕೆ ಬರುತ್ತಲ್ಲ?”

“ಸಣ್ಣದಾಗಿ ಹೇಳೋದ್ರಲ್ಲಿ ನನ್ನನ್ನ ಮೀರಿಸೋರು ದಕ್ಷಿಣದ ರಾಜ್ಯಗಳಲ್ಲೇ ಇಲ್ಲ,” ಎಂದೆ.

ಅಲ್ಲಿಂದ ಗುರುವಾರದವರೆಗೆ ನನಗೆ ಕೂತರೆ ನಿಲ್ಲುವ ಹಾಗೆ, ನಿಂತರೆ ಓಡುವ ಹಾಗೆ. ಕೆಂಪು ದೀಪದ ಮುಂದೆ ಬಸ್ಸು ನಿಂತರೂ ನನ್ನ ಕಾಲು ಪೆಡಲ್ ತುಳಿಯುತ್ತಿತ್ತು. ಯಾರೂ ಅಡ್ಡ ಬಾರದಿದ್ದರೂ ಹಾರ್ನ್ ಹೊಡೆದೆ. ಒಂದು ಶರಟನ್ನು ನಾಲ್ಕು ಸಲ ಇಸ್ತ್ರಿ ಮಾಡಿ ಐದನೆಯ ಸಲ ಸುಟ್ಟೆ. ಭಾನುವಾರ ಪೂಜೆಯ ನಡುವೆ ಮೂರು ಬಾರಿ ಎದ್ದು ಹೊರಗೆ ಹೋದದ್ದಕ್ಕೆ ಪಾದ್ರಿಗಳು ಸಕ್ಕರೆ ಕಾಯಿಲೆಯೇ ಎಂದು ವಿಚಾರಿಸಿದರು.

ಫೀನ್ ಬೇರೆ ಹೊಸದೊಂದು ಹಟ ಹಿಡಿದಿದ್ದಳು. ಬೆಳಿಗ್ಗೆ ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತುಬಿಡುತ್ತಿದ್ದಳು. “ಹಿಂದೆ,” ಎನ್ನುತ್ತಿದ್ದಳು. ಒಂದೇ ಮಾತು. ನಾನು ಸೀಟಿನಿಂದೆದ್ದು ಬಸ್ಸಿನ ಕೊನೆಯವರೆಗೆ ನಡೆದು, ಮುಟ್ಟಿ, ತಿರುಗಿ ಬರಬೇಕು. ಆಮೇಲೆ ಹತ್ತುತ್ತಿದ್ದಳು. ನನ್ನ ಮೊಣಕಾಲು ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಟ್ಟುತ್ತದೆ, ಆದರೂ ನಡೆದೆ.

“ರಾಣಿಗೆ ಮಾಡೋ ಹಾಗೆ ಮರ್ಯಾದೆ ಮಾಡ್ತಿದ್ದೀರಲ್ಲ ಪರೇನ್,” ಎಂದು ಒಡಾಲಿ ನಕ್ಕಳು. ನಾನು ನಗಲಿಲ್ಲ. ಗೇರ್ ಹಾಕಿದೆ.

ಸೋಮವಾರ ಗೆಳೆಯ ಲಿಯಾಂಡರನ ಕ್ಷೌರದಂಗಡಿಗೆ ಹೋದೆ. ಅಲ್ಲಿ ನನ್ನ ಕುರ್ಚಿ ಎಂದರೆ ಸಿಂಹಾಸನ. ನಾನು ಕೂತರೆ ಟಿವಿ ಆರಿಸುತ್ತಾರೆ.

“ಅಲ್ಲಾಡ್ಬೇಡ ಮಾರಾಯಾ, ಕಿವಿ ಹೋಗುತ್ತೆ,” ಎಂದ ಲಿಯಾಂಡರ್. “ಏನಾಗಿದೆ ನಿಂಗೆ, ಇರುವೆ ಗೂಡಿನ ಮೇಲೆ ಕೂತವನ ಹಾಗೆ?”

“ಗುರುವಾರ ಸ್ಕೂಲಲ್ಲಿ ಹೇಳಿಕೆ ಕೊಡಬೇಕು. ಹುಡುಗಿ ಸೀಟು ನನ್ನ ಮಾತಿನ ಮೇಲೆ ನಿಂತಿದೆ.”

“ಯಾವ ಮಾತಿನ ಮೇಲೆ? ಮೊದಲ ದಿನ ಹೇಳ್ದಾಗ ಹಡಗಿರಲಿಲ್ಲ. ಎರಡನೇ ದಿನ ಹಡಗು ಬಂತು. ಮೊನ್ನೆ ಕ್ಯಾಪ್ಟನ್ ಬಂದ. ನಾಳೆ ಕ್ಯಾಪ್ಟನ್ ಹೆಂಡ್ತಿ ಬಂದು ನಿಂಗೆ ಮುತ್ತು ಕೊಡ್ತಾಳೆ.”

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಕತ್ತಿನ ಮೇಲಿನ ಕೂದಲು ಒಳಗೆ ಬಿದ್ದ ಹಾಗೆ ಮೈಯೆಲ್ಲ ಚುಚ್ಚಿತು.

“ಅಲ್ಲ, ನಿಜವಾಗಿ ಕೇಳ್ತೀನಿ,” ಎಂದ ಅವನು, ಕತ್ತರಿ ನಿಲ್ಲಿಸಿ. “ಸ್ಕೂಲಿಗೆ ಕೊಟ್ಟ ಕಾಗದದಲ್ಲಿ ಏನ್ ಬರೆದಿದ್ದೀಯ?”

ಅರ್ಧ ಕ್ಷೌರದಲ್ಲೇ ಎದ್ದು ಬಂದೆ.

ಮಾರನೆಯ ದಿನ ಆ ಕಾಗದವನ್ನೇ ತರಲು ಹೊರಟೆ. ಪೆಕನ್ ಬೀಜದ ಮಿಠಾಯಿಯ ಡಬ್ಬಿಯೊಂದನ್ನು ಬಗಲಲ್ಲಿಟ್ಟುಕೊಂಡು ಶಾಲೆಯ ಆಫೀಸಿಗೆ ಹೋದೆ. ಕಿಟಕಿಯ ಹಿಂದೆ ಕೂರುವ ಹೆಂಗಸಿಗೆ ನನ್ನ ಮೇಲೆ ಕಣ್ಣಿದೆ ಎಂದು ನಾನು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ, ಅವಳಿಗೆ ಗೊತ್ತಿಲ್ಲ.

“ನಾನು ಬರೆದುಕೊಟ್ಟ ರಿಪೋರ್ಟ್ ಒಂದ್ನಿಮಿಷ ಕೊಡ್ತೀಯಾಮ್ಮ? ಒಂದೆರಡು ಕಡೆ ತಿದ್ದಬೇಕು. ಅಕ್ಷರ ಚೆನ್ನಾಗಿ ಬಂದಿಲ್ಲ.”

“ಸೆರಾಫಿನ್‌ದಾ? ಅದು ಫೈಲಿಗೆ ಹೋಯ್ತು. ಫೈಲಿಗೆ ಹೋದ ಕಾಗದ, ಮಣ್ಣಿಗೆ ಹೋದ ಹೆಣ ಎರಡೂ ವಾಪಸ್ ಬರಲ್ಲ ಮಿಸ್ಟರ್ ಗ್ರಾಂಪ್ರೆ.” ಡಬ್ಬಿಯ ಮುಚ್ಚಳ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡಳು. “ಅದ್ರ ಮೇಲೇ ತಾನೆ ಸಭೆ ನಡೀತಿರೋದು. ಚೆನ್ನಾಗಿ ಬರ್ದಿದ್ದೀರ. ನಾನು ಎರಡು ಸಲ ಓದ್ದೆ.”

ಮಿಠಾಯಿಯೂ ಹೋಯಿತು, ಕಾಗದವೂ ಸಿಗಲಿಲ್ಲ. ನನ್ನ ಬರವಣಿಗೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ. ಪುಟ್ಟ ಮಕ್ಕಳ ಕೋಣೆಯಲ್ಲೇ ಸಭೆ ಇಟ್ಟಿದ್ದರು, ಎಲ್ಲರಿಗೂ ಪುಟ್ಟ ಕುರ್ಚಿ. ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮೇಜಿನಾಚೆ ಪ್ರಿನ್ಸಿಪಾಲ್ ಮಿಸ್ ವಿಟ್‌ಲಾಕ್, ಬೂದು ಕೋಟು, ಸುಸ್ತಾದ ಕಣ್ಣು. ಪಕ್ಕದಲ್ಲಿ ಹಾಜರಿ ಪುಸ್ತಕ, ಫೀನ್‌ಳ ನೋಟ್‌ಬುಕ್ಕು ಹಿಡಿದುಕೊಂಡ ಮಿಸ್ ಥುಯ್. ಈಚೆ ಒಡಾಲಿ ಮತ್ತು ನಾನು. ಒಡಾಲಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದಳು, ಕೈಯಿಂದ ಈರುಳ್ಳಿ ವಾಸನೆ. ಆ ಇನ್ನೊಂದು ಹಾಳೆ, ಸಹಿಯ ಗೆರೆ ಖಾಲಿ ಇದ್ದದ್ದು, ಅವಳ ಮುಂದೆ ಇತ್ತು. ಮೇಲೊಂದು ಪೆನ್ನನ್ನೂ ಇಟ್ಟಿದ್ದರು.

“ಯಾರೂ ಸೆರಾಫಿನ್ ಬೇಡ ಅಂತಿಲ್ಲ,” ಎಂದು ಮಿಸ್ ವಿಟ್‌ಲಾಕ್ ಶುರುಮಾಡಿದಳು. “ಆದ್ರೆ ಅಪಾಯ ಅಂದ್ರೇನು ಅಂತ ಆ ಮಗೂಗೆ ತಿಳಿಯಲ್ಲ. ಚಲಿಸೋ ಬಸ್ಸಿನ ಬಾಗಿಲು ತೆಗೀತಾಳೆ ಅಂದ್ರೆ ಬಸ್ಸಲ್ಲಿ, ಕ್ಲಾಸಲ್ಲಿ ಇಡೀ ದಿನ ಅವಳ ಜೊತೆ ಒಬ್ಬರು ಇರಬೇಕು. ನಮ್ಮ ಮಂಡಳಿಗಿರೋದು ಇದೊಂದೇ ಶಾಲೆ, ನಮಗೆ ಹಿಂದೆ ಮುಂದೆ ಯಾರೂ ಇಲ್ಲ. ಅಷ್ಟು ಜನ ನಮ್ಮ ಹತ್ರ ಇಲ್ಲ. ನದಿಯಾಚೆ ಶಾಲೇಲಿ ಇದಾರೆ.”

“ನದಿಯಾಚೆ ಶಾಲೇಲಿ ಮಿಸ್ ಥುಯ್ ಇದಾರಾ?” ಎಂದಳು ಒಡಾಲಿ.

ಮಿಸ್ ವಿಟ್‌ಲಾಕ್ ಫೈಲಿನ ಹಾಳೆ ತಿರುವಿದಳು. ಒಡಾಲಿ ನನ್ನ ಕಡೆ ಕೈ ತೋರಿಸಿದಳು.

“ನಮ್ಮ ಪರೇನ್ ಅಲ್ಲಿದ್ದೋರು. ಅವರನ್ನ ಕೇಳಿ.”

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೇಳುಗರು ಸಿಕ್ಕಿರಲಿಲ್ಲ. ಕ್ಷೌರದಂಗಡಿಯಾಗಿದ್ದರೆ ಹಡಗಿನ ಜೊತೆ ಆನೆಯನ್ನೂ ತರುತ್ತಿದ್ದೆ. “ಬಾಗಿಲು ಸಡಿಲ ಇತ್ತು,” ಎಂದೆ. “ಸೇತುವೆ ಮೇಲೆ ಬಸ್ಸು ನಿಧಾನಕ್ಕೆ ಹೋಗ್ತಿತ್ತು, ಆಮೆ ಹಾಗೆ. ಮಗು ಕೈ ತಾಗ್ತು. ಅಷ್ಟೇ. ನಾನು ಹೋಗಿ ಹಾಕ್ದೆ. ದೊಡ್ಡ ವಿಷಯ ಏನಲ್ಲ.”

“ಇಲ್ಲಿ ಬೇರೆ ಇದೆ.” ಮಿಸ್ ವಿಟ್‌ಲಾಕ್ ರಿಪೋರ್ಟಿನ ಪ್ರತಿಗಳನ್ನು ಹಂಚಿದಳು. “‘ಬೆಳಿಗ್ಗೆ ಏಳು ಇಪ್ಪತ್ತು, ಸೇಂಟ್ ಕ್ಲಾಡ್ ಸೇತುವೆ. ಮಗು ಹಟದಿಂದ, ಎಚ್ಚರಿಕೆ ಕೊಟ್ಟರೂ ಲೆಕ್ಕಿಸದೆ, ಬಾಗಿಲು ತೆರೆದು ಹೊರಗೆ ಹಾರಲು ಯತ್ನಿಸಿದಳು. ಚಾಲಕ ಪ್ರಾಣದ ಹಂಗು ತೊರೆದು ತಡೆದ.’ ಇದು ನಿಮ್ಮ ಸಹಿ ತಾನೆ?”

ಒಡಾಲಿ ಹಾಳೆಯನ್ನು ನೋಡಿದಳು. “ಹಟದಿಂದ?” ಎಂದಳು ಮೆಲ್ಲಗೆ. “ಹಂಗ್ ಬರ್ದಿದ್ದೀರಾ?”

“ಬರೀವಾಗ ಸ್ವಲ್ಪ ಕೈ ಮುಂದೆ ಹೋಯ್ತು ಕಣಮ್ಮ.”

ಮಿಸ್ ಥುಯ್ ಆ ರಿಪೋರ್ಟನ್ನು ಕಂಡದ್ದು ಆಗಲೇ. ಒಮ್ಮೆ ಅದನ್ನು ಓದಿದಳು, ಒಮ್ಮೆ ತನ್ನ ಹಾಜರಿ ಪುಸ್ತಕ ತೆರೆದಳು, ಮತ್ತೆ ಇದನ್ನು ಓದಿದಳು. ಆಕೆಯ ದನಿ ತುಂಬಾ ಸಣ್ಣದು.

“ಮಿಸ್ಟರ್ ಗ್ರಾಂಪ್ರೆ, ಆವತ್ತು ಬಸ್ಸು ಶಾಲೆಗೆ ಎಷ್ಟು ಹೊತ್ತಿಗೆ ಬಂತು?”

“ಸರಿಯಾಗಿ ಏಳು ಮೂವತ್ತೈದಕ್ಕೆ. ನನ್ನ ಬಸ್ಸು ನೋಡಿ ಚರ್ಚಿನವರು ಗಂಟೆ ಹೊಡೀತಾರೆ.”

“ಹೌದು. ಉಳಿದ ಮಕ್ಕಳೆಲ್ಲ ಆಗಲೇ ಬಂದಿದ್ರು. ಫೀನ್ ನನ್ನ ಕೋಣೆಗೆ ಬಂದಿದ್ದು ಎಂಟು ಹದಿನಾಲ್ಕಕ್ಕೆ. ಒಬ್ಬಳೇ. ಮುಖ ಕೆಂಪಗಾಗಿತ್ತು, ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು, ಶೂ ಕೈಯಲ್ಲಿತ್ತು. ಎರಡು ಲೋಟ ನೀರು ಕುಡಿದಳು. ಅಮ್ಮ ತಡವಾಗಿ ಬಿಟ್ಟುಹೋದ್ರೇನೋ ಅಂದ್ಕೊಂಡೆ.” ಪೆನ್ಸಿಲಿನ ತುದಿಯನ್ನು ಆ ಸಾಲಿನ ಮೇಲಿಟ್ಟಳು. “ನಡುವೆ ಎಲ್ಲಿದ್ಲು?”

ಕಥೆಗಾಗಿ ತಡಕಾಡಿದೆ. ಹಡಗಿತ್ತು, ಕ್ಯಾಪ್ಟನ್ನಿದ್ದ, ನಲವತ್ತು ಅಡಿಯ ಕೈಯಿತ್ತು. ಆ ಮೂವತ್ತೊಂಬತ್ತು ನಿಮಿಷಕ್ಕೆ ಹೊದಿಸುವಷ್ಟು ದೊಡ್ಡ ಕಥೆ ಒಂದೂ ಸಿಗಲಿಲ್ಲ.

ಒಡಾಲಿ ನನ್ನತ್ತ ಪೂರ್ತಿ ತಿರುಗಿ ಕೂತಳು. “ಬಸ್ಸಲ್ಲೇ ಇದ್ಲಾ?”

ನಾನು ಮೇಜಿನ ಮೇಲೆ ಅಂಟಿಸಿದ್ದ ಅಕ್ಷರಮಾಲೆ ನೋಡಿದೆ.

“ಪರೇನ್. ನನ್ನ ಮಗೂನ ಬಸ್ಸಲ್ಲಿ ಬಿಟ್ಟು ಹೋದ್ರಾ? ಎಷ್ಟು ಹೊತ್ತು?”

“ಐದು ನಿಮಿಷ,” ಎಂದೆ.

ಮಿಸ್ ಥುಯ್ ಪೆನ್ಸಿಲನ್ನು ಕದಲಿಸಲಿಲ್ಲ.

“ಹದಿನೈದಿರಬಹುದು.”

ಹುಟ್ಟಿದಾಗಿನಿಂದ ಎಲ್ಲವನ್ನೂ ಹಿಗ್ಗಿಸಿ ಹೇಳಿದವನು, ಕುಗ್ಗಿಸಿ ಹೇಳಲು ಹೋಗಿ ಎಡವುತ್ತಿದ್ದೆ.

“ಏಳು ಮೂವತ್ತೈದರಿಂದ. ಎಂಟು ಹನ್ನೆರಡರವರೆಗೂ.”

ಆಮೇಲೆ ಬಾಯಿ ತಾನಾಗಿಯೇ ತೆರೆದುಕೊಂಡಿತು. ಮಕ್ಕಳೆಲ್ಲ ಇಳಿದ ಮೇಲೆ ಡ್ರೈವರ್ ಎದ್ದು ಸೀಟುಗಳ ಮೇಲೆ, ಕೆಳಗೆ ನೋಡುತ್ತಾ ಕೊನೆಯವರೆಗೆ ನಡೆದು, ಹಿಂದಿನ ಗೋಡೆಯಲ್ಲಿರುವ ಗುಂಡಿ ಒತ್ತಬೇಕು. ಒತ್ತದಿದ್ದರೆ ಬಸ್ಸು ಕಿರುಚುತ್ತದೆ. ಯಾವ ಮಗುವೂ ಒಳಗೆ ಉಳಿಯಬಾರದೆಂದೇ ಮಾಡಿದ ಏರ್ಪಾಡು. ನನಗೆ ಮೊಣಕಾಲು ನೋವು. ಎರಡು ವರ್ಷದಿಂದ, ಹಿಂದಿನ ಸೀಟಿನ ಐದನೆಯ ಕ್ಲಾಸಿನ ಹುಡುಗಿಗೆ ಚೂಯಿಂಗ್ ಗಮ್ ಕೊಟ್ಟು ಆ ಗುಂಡಿ ಒತ್ತಿಸುತ್ತಿದ್ದೆ. ನಾನು ಸೀಟು ಬಿಟ್ಟು ಏಳುತ್ತಲೇ ಇರಲಿಲ್ಲ. ಆವತ್ತೂ ಒತ್ತಿದಳು, ಇಳಿದಳು. ಗಲಾಟೆ ತಾಳಲಾರದೆ ಫೀನ್ ಸೀಟಿನಡಿ ಮಲಗಿದ್ದಳು. ನಾನು ಬಸ್ಸನ್ನು ಬಿಸಿಲಿಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಎದುರಿನ ಹೋಟೆಲಿಗೆ ಹೋದೆ.

“ಬಾಗಿಲು ಅವಳೇ ತೆಗೆದ್ಲಾ?” ಮಿಸ್ ವಿಟ್‌ಲಾಕ್ ಕೇಳಿದಳು.

“ಅವಳೇ. ಹೋಟೆಲಿನ ಕಿಟಕಿಯಿಂದ ನೋಡ್ದೆ. ಬಾಗಿಲ ಮೇಲೆ ಬರ್ದಿದೆ ಅಮ್ಮ, ಕೆಂಪು ಹಿಡಿ ಮೇಲಕ್ಕೆತ್ತಿ, ಹೊರಗೆ ತಳ್ಳಿ ಅಂತ. ಯಾರೂ ಹೇಳ್ಕೊಟ್ಟಿಲ್ಲ. ತುರ್ತಾಗಿ ಇಳಿಯೋ ತಾಲೀಮು ಈ ವರ್ಷ ಮಾಡಿಸೇ ಇಲ್ಲ ನಾನು. ಮಾಡಿಸ್ದೆ ಅಂತ ಸಹಿ ಹಾಕಿದೀನಿ. ಅವಳು ಓದ್ಕೊಂಡು ತೆಗೆದ್ಲು. ಹಾರಲಿಲ್ಲ. ಮೊದ್ಲು ಕೂತ್ಕೊಂಡು ಕಾಲು ಇಳಿಬಿಟ್ಲು, ಆಮೇಲೆ ಇಳಿದ್ಲು. ರಸ್ತೆ ಅಂಚಲ್ಲಿ ನಿಂತ್ಲು. ಒಂದು ಟ್ರಕ್ ಬರ್ತಿತ್ತು, ಅದು ಹೋಗೋವರೆಗೂ ಕಾದ್ಲು. ದಾಟಿದ್ಲು.”

“ನೀವು?” ಎಂದಳು ಒಡಾಲಿ.

“ನಾನು ಏಳಲಿಲ್ಲ. ಎದ್ರೆ ಎಲ್ರಿಗೂ ಗೊತ್ತಾಗುತ್ತೆ ಅಂತ. ತುರ್ತು ಬಾಗಿಲು ತೆರೆದ್ರೆ ಕಾರಣ ಬರೆದುಕೊಡ್ಲೇಬೇಕು, ಅದಕ್ಕೆ ಸೇತುವೆ ಅಂತ ಬರ್ದೆ.”

ಮಿಸ್ ಥುಯ್ ಫೀನ್‌ಳ ನೋಟ್‌ಬುಕ್ಕನ್ನು ತೆರೆದು, ಅವಳು ಓದಿದ್ದನ್ನು, ಟ್ರಕ್ಕಿಗೆ ಕಾದದ್ದನ್ನು ಬರೆದುಕೊಳ್ಳಲು ಶುರುಮಾಡಿದಳು, ಬಗ್ಗಿ, ಬೇಗ ಬೇಗ. ಮಿಸ್ ವಿಟ್‌ಲಾಕ್ ಕೈ ಚಾಚಿ, ಒಡಾಲಿಯ ಮುಂದಿದ್ದ ಹಾಳೆಯನ್ನು ಪೆನ್ನಿನ ಸಮೇತ ತನ್ನ ಕಡೆಗೆ ಎಳೆದುಕೊಂಡು, ಮಡಿಸಿ, ಫೈಲಿನ ಅಡಿಗೆ ಸೇರಿಸಿದಳು. “ಇದನ್ನ ಬಸ್ ಕಂಪನಿಗೆ ತಿಳಿಸ್ಬೇಕಾಗುತ್ತೆ ಮಿಸ್ಟರ್ ಗ್ರಾಂಪ್ರೆ,” ಎಂದಳು. “ನಿಮ್ಮ ಲೈಸೆನ್ಸ್...”

“ಗೊತ್ತು.”

ಒಡಾಲಿ ನನ್ನ ಪಕ್ಕದ ಕುರ್ಚಿಯಿಂದ ಎದ್ದು, ಮೇಜು ಸುತ್ತಿ, ಮಿಸ್ ಥುಯ್ ಪಕ್ಕದಲ್ಲಿ ಹೋಗಿ ಕೂತಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಮಿಸ್ಟರ್ ಗ್ರಾಂಪ್ರೆ,” ಎಂದಳು. ಮೂವತ್ತೊಂದು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. “ಇನ್ನೊಂದ್ಸಲ ಮೊದಲಿಂದ ಹೇಳಿ. ಅವರು ಬರ್ಕೊಳ್ಳಲಿ.”

ಹೇಳಿದೆ. ಸೇತುವೆಯಿಲ್ಲ. ಹಡಗಿಲ್ಲ. ನಾನು ಯಾರನ್ನೂ ಹಿಡಿಯಲಿಲ್ಲ. ಬಸ್ಸು ನಿಂತಿತ್ತು. ನಾನು ತಿಂಡಿ ತಿನ್ನುತ್ತಿದ್ದೆ.